ಉಲ್ಲೇಖದ ಎಣಿಕೆಯೂ ವಿದ್ವತ್ತಿನ ಬೆಲೆಯೂ

ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದವು. ಆದರೂ ಚಿನ್ನವನ್ನು ಒರೆಗೆ ಹಚ್ಚುವುದೆಂದರೆ ಏನೆಂಬುದನ್ನು ಬೇತಮಂಗಲದ ಸೀಮೆಯವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಒರೆಗಲ್ಲಿಗೆ ಒಂದು ಸದ್ಗುಣವುಂಟು: ತನ್ನನ್ನು ಮುಟ್ಟಿದ ಚಿನ್ನದ ಗುಣವನ್ನು ಅದು ಬದಲಿಸುವುದಿಲ್ಲ. ತಾನು ಪರೀಕ್ಷೆಗೊಳಗಾಗಿರುವೆನೆಂಬ ಅರಿವು ಚಿನ್ನಕ್ಕೂ ಇಲ್ಲ. ಮನುಷ್ಯನನ್ನು ಒರೆಗೆ ಹಚ್ಚುವಾಗ ಈ ಎರಡೂ ಮಾತು ನಿಲ್ಲುವುದಿಲ್ಲ. ಇಂದು ಗಣಕವಿಜ್ಞಾನದ ಸಂಶೋಧಕರನ್ನು ಉಲ್ಲೇಖಗಳ ಎಣಿಕೆಯಿಂದ ಮೇಲು ಕೀಳೆಂದು ಸಾಲಾಗಿ ನಿಲ್ಲಿಸುವ ಪದ್ಧತಿ ಬೇರೂರಿದೆ. ಇದು ನ್ಯಾಯವೇ ಎಂಬುದನ್ನು ಸದ್ಭಕ್ತರು, ಅದರಲ್ಲಿಯೂ ನಮ್ಮ ವಿದ್ಯಾರ್ಥಿನಿಲಯಗಳಿಂದ ಹೊರಟು ಈ ಕ್ಷೇತ್ರದಲ್ಲಿ ಕಾಯಕ ನಡೆಸುತ್ತಿರುವವರು, ಯೋಚಿಸಬೇಕು.

ವಿದ್ವಾಂಸನು ತನ್ನ ಪ್ರಬಂಧದಲ್ಲಿ ಹಿಂದಿನವರ ಪ್ರಬಂಧವನ್ನು ಹೆಸರಿಸುವುದು ಮೂಲತಃ ಋಣಸ್ವೀಕಾರ. ಅಮೆರಿಕದ ಯೂಜೀನ್ ಗಾರ್ಫೀಲ್ಡ್ 1964ರಲ್ಲಿ ಇಂತಹ ಉಲ್ಲೇಖಗಳ ಸೂಚಿಯನ್ನು ಪ್ರಕಟಿಸಿದಾಗ, ಒಂದು ವಿಚಾರ ಎಲ್ಲಿಂದ ಎಲ್ಲಿಗೆ ಹರಿಯಿತೆಂಬುದನ್ನು ಹುಡುಕಲು ಅದು ಉತ್ತಮ ದಾರಿದೀಪವಾಯಿತು. ಪ್ರಬಂಧವನ್ನು ಹುಡುಕುವ ಸಾಧನವು ಮನುಷ್ಯನನ್ನು ತೂಗುವ ತಕ್ಕಡಿಯಾದದ್ದು ಅನಂತರದ ಕಥೆ. 2005ರಲ್ಲಿ ಭೌತವಿಜ್ಞಾನಿ ಜಾರ್ಜ್ ಹಿರ್ಷ್ ಅವರು ‘ಎಚ್-ಸೂಚ್ಯಂಕ’ವನ್ನು ಮುಂದಿಟ್ಟರು. ಐದು ಪ್ರಬಂಧಗಳು ತಲಾ ಐದು ಬಾರಿಯಾದರೂ ಉಲ್ಲೇಖಗೊಂಡಿದ್ದರೆ ಅವನ ಅಂಕ ಐದು. ಒಂದೇ ಪ್ರಬಂಧ ಬರೆದು, ಅದನ್ನು ಸಾವಿರ ಮಂದಿ ಉಲ್ಲೇಖಿಸಿದ್ದರೂ ಅವನ ಅಂಕ ಒಂದೇ! ಇದಲ್ಲದೆ ಈ ಅಂಕವು ಏರುವುದೇ ಹೊರತು ಇಳಿಯುವುದಿಲ್ಲ. ಆದಕಾರಣ ವಯಸ್ಸಾದವನಿಗೆ ಅನುಕೂಲ, ಹೊಸಬನಿಗೆ ಪ್ರತಿಕೂಲ.

ಎಣಿಕೆಯ ಪರವಾಗಿ ಹೇಳುವ ಒಂದು ವಾದವನ್ನು ಮಾತ್ರ ನಾವು ಲಘುವಾಗಿ ಕಾಣಲಾರೆವು. ಸಂಖ್ಯೆಗೆ ಜಾತಿಯಿಲ್ಲ, ಬಂಧುಬಳಗವಿಲ್ಲ, ವಶೀಲಿಯಿಲ್ಲ. ಹಳ್ಳಿಯಿಂದ ಬಂದು, ಪರವಾಗಿ ಮಾತನಾಡುವವರಿಲ್ಲದೆ ನಿಂತ ಹುಡುಗನಿಗೆ ಅದೊಂದೇ ಸಾಕ್ಷಿಯೆಂಬುದು ಆ ವಾದ. ಆಯ್ಕೆ ಸಮಿತಿಗಳ ಒಳಗನ್ನು ಕಂಡವರು ಇದನ್ನು ಸುಲಭವಾಗಿ ತಳ್ಳಿಹಾಕಲಾರರು. ಆದರೆ ಸಂಖ್ಯೆಗೆ ಜಾತಿಯಿಲ್ಲದಿದ್ದರೂ ನೆರೆಹೊರೆಯುಂಟು. ಸಾವಿರಾರು ಜನ ದುಡಿಯುತ್ತಿರುವ ಯಂತ್ರಕಲಿಕೆಯ ಕ್ಷೇತ್ರದಲ್ಲಿ ಸಾಧಾರಣ ಪ್ರಬಂಧಕ್ಕೂ ಉಲ್ಲೇಖಗಳು ಬರುತ್ತವೆ. ಬೆರಳೆಣಿಕೆಯ ಜನರಿರುವ ಕ್ಷೇತ್ರದಲ್ಲಿ ಉತ್ತಮವಾದುದಕ್ಕೂ ಹತ್ತು ಬಂದರೆ ಹೆಚ್ಚು. ಗಣಕವಿಜ್ಞಾನಿಗಳು ತಮ್ಮ ಶ್ರೇಷ್ಠ ಫಲಗಳನ್ನು ನಿಯತಕಾಲಿಕೆಗಳಿಗಿಂತ ಸಮ್ಮೇಳನಗಳಲ್ಲಿಯೇ ಹೆಚ್ಚಾಗಿ ಮಂಡಿಸುವವರಾದುದರಿಂದ, ನಿಯತಕಾಲಿಕೆಗಳನ್ನೇ ನೆಚ್ಚಿದ ಸೂಚಿಗಳು ಅವರಿಗೆ ಅನ್ಯಾಯವನ್ನೇ ಮಾಡಿವೆ.

ನಮ್ಮ ನಾಡಿನಲ್ಲಿಯೇ ನೋಡಿ. ಕೆ. ಪಿ. ರಾವ್ ಅವರು ಕನ್ನಡಕ್ಕಾಗಿ ಕೀಲಿಮಣೆಯ ವಿನ್ಯಾಸವೊಂದನ್ನು ರೂಪಿಸಿ, ಹಣ ಬೇಡದೆ ನಾಡಿಗೆ ಬಿಟ್ಟುಕೊಟ್ಟರು. ಅಲ್ಪ ಮಾರ್ಪಾಡಿನೊಡನೆ ಸರ್ಕಾರವೂ ಅದನ್ನು ಅಂಗೀಕರಿಸಿತು. ಆ ವಿನ್ಯಾಸದಲ್ಲಿ ಬರೆಯುವವರು ಪ್ರತಿಯೊಂದು ಅಕ್ಷರವನ್ನು ಒತ್ತುವಾಗಲೂ ಅವರ ಬುದ್ಧಿಯನ್ನು ಬಳಸುತ್ತಾರೆ. ಒಂದು ಉಲ್ಲೇಖವೂ ಎಲ್ಲಿಯೂ ದಾಖಲಾಗುವುದಿಲ್ಲ. 1960ರ ದಶಕದಲ್ಲಿ ಕಾನ್ಪುರದಲ್ಲಿ ಗಣಕವಿಜ್ಞಾನದ ಬೋಧನೆಗೆ ತಳಹದಿ ಹಾಕಿ, ಅನಂತರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಪ್ರೊ. ವಿ. ರಾಜಾರಾಮನ್ ಅವರ ಅಗ್ಗದ ಬೆಲೆಯ ಪಠ್ಯಪುಸ್ತಕಗಳಿಂದ ತಲೆಮಾರುಗಳೇ ಕಲಿತವು. ಕಲಿತವನು ಪರೀಕ್ಷೆ ಬರೆದು ನೌಕರಿಗೆ ಹೋಗುತ್ತಾನೆ. ಅವನ ಋಣ ಯಾವ ಸೂಚಿಗೂ ಏರುವುದಿಲ್ಲ.

ತೂಗುವವನು ಸಂಖ್ಯೆಯನ್ನು ಕೇಳುತ್ತಾನೆಂದು ತಿಳಿದೊಡನೆ ತೂಗಿಸಿಕೊಳ್ಳುವವನು ಸಂಖ್ಯೆಯನ್ನೇ ಬೆಳೆಯಲು ತೊಡಗುತ್ತಾನೆ. ಒಂದು ಪ್ರಬಂಧವನ್ನು ಮೂರಾಗಿ ಸೀಳುವುದು, ತನ್ನದನ್ನು ತಾನೇ ಉಲ್ಲೇಖಿಸುವುದು, ನೀನು ನನ್ನನ್ನು ಹೊಗಳು, ನಾನು ನಿನ್ನನ್ನು ಹೊಗಳುವೆನೆಂಬ ಕೂಟ ಕಟ್ಟುವುದು ಇವೆಲ್ಲ ನಡೆದಿವೆ. ನಮ್ಮ ದೇಶದಲ್ಲಿ ಯು.ಜಿ.ಸಿ.ಯು 2010ರಲ್ಲಿ ಅಧ್ಯಾಪಕರಿಗೆ ಪ್ರಕಟಣೆಗಳ ಆಧಾರದ ಅಂಕಪದ್ಧತಿಯನ್ನು ತಂದಿತು. 2018ರಲ್ಲಿ ತಾನೇ ಒಪ್ಪಿದ್ದ ಪಟ್ಟಿಯಿಂದ ನಾಲ್ಕು ಸಾವಿರಕ್ಕೂ ಮೀರಿ ನಿಯತಕಾಲಿಕೆಗಳನ್ನು ತೆಗೆದುಹಾಕಬೇಕಾಯಿತು. ಹಿರ್ಷ್ ಅವರೇ 2020ರಲ್ಲಿ, ತಮ್ಮ ಸೂಚ್ಯಂಕದಿಂದ ಅನಪೇಕ್ಷಿತ ದುಷ್ಪರಿಣಾಮಗಳಾಗಬಹುದೆಂದು ಒಪ್ಪಿ ಬರೆದರು.

ಆದರೂ ಹೆಚ್ಚಿನ ದೋಷವು ತೂಗಿಸಿಕೊಳ್ಳುವವನದೆಂದು ನಮಗೆ ತೋರುವುದಿಲ್ಲ. ಈ ಭಾಗದ ತರುಣನೊಬ್ಬನು ಹಳೆಯ ಕನ್ನಡ ಹಸ್ತಪ್ರತಿಗಳ ಅಕ್ಷರಗಳನ್ನು ಗಣಕಯಂತ್ರಕ್ಕೆ ಓದಿಸುವ ಕಾರ್ಯದಲ್ಲಿ ಆರು ವರ್ಷ ದುಡಿದಿದ್ದನು. ಸಂದರ್ಶನದಲ್ಲಿ ಅವನ ಸೂಚ್ಯಂಕವೆಷ್ಟೆಂದು ಕೇಳಿದರು, ನಾಲ್ಕೆಂದನು, ಮಾತು ಅಲ್ಲಿಗೇ ಮುಗಿಯಿತು. ಅವನ ಪ್ರಬಂಧಗಳು ಮೇಜಿನ ಮೇಲೆಯೇ ಇದ್ದವು, ಯಾರೂ ತೆರೆಯಲಿಲ್ಲ. ತಮ್ಮ ಕೆಲಸ ಸೋತಿತೆಂದು ಕೇಳಿದ್ದರೆ ಸಹಿಸುತ್ತಿದ್ದೆ, ಬುದ್ಧಿ, ಓದಲೇ ಇಲ್ಲವಲ್ಲ ಎಂದು ಅವನು ನಮ್ಮೆದುರು ಹೇಳಿದನು. ಪರೀಕ್ಷಕನ ಪೀಠದಲ್ಲಿ ಕುಳಿತವನ ಧರ್ಮ ಓದುವುದು. ಆ ಹೊಣೆಯನ್ನು ಅಂಕಿಯ ಹೆಗಲಿಗೆ ದಾಟಿಸಿ, ಅದನ್ನೇ ನಿಷ್ಪಕ್ಷಪಾತವೆಂದು ಕರೆದುಕೊಳ್ಳುವುದು ನಮಗೆ ಒಪ್ಪುವುದಿಲ್ಲ.

ಇನ್ನೂರು ಅರ್ಜಿಗಳು ಬಂದರೆ ಎಲ್ಲವನ್ನೂ ಓದುವವರಾರು ಎಂದು ಪ್ರಾಧ್ಯಾಪಕ ಮಿತ್ರರು ಕೇಳುತ್ತಾರೆ. ಕೇಳತಕ್ಕ ಪ್ರಶ್ನೆಯೇ. ಆ ವಿಷಯವನ್ನು ಬಲ್ಲವರು ಅರ್ಜಿಗಳನ್ನು ನೋಡಿ ಹತ್ತು ಮಂದಿಯನ್ನು ಆರಿಸಲಿ. ಅಭ್ಯರ್ಥಿಗಳು ತಾವೇ ಮೆಚ್ಚಿದ ಮೂರು ಪ್ರಬಂಧಗಳನ್ನು ಕೊಡಲಿ. ಅವು ಒಟ್ಟು ಮೂವತ್ತಾದವು. ಸಮಿತಿಯಲ್ಲಿ ಐವರಿದ್ದರೆ ತಲಾ ಆರು. ಮೂವತ್ತು ವರ್ಷ ನಮ್ಮ ಮಕ್ಕಳಿಗೆ ಪಾಠ ಹೇಳಬೇಕಾದವನನ್ನು ಆರಿಸಲು ಅಷ್ಟು ಓದಿಗೆ ಒಂದು ವಾರ ಸಾಕು.