ಮಾರಲಾಗದ ಹೊಲ ಯಾರದು?

ನಿಮ್ಮ ಹೆಸರಿನಲ್ಲಿ 4 ಹೆಕ್ಟೇರ್, ಅಂದರೆ ಸುಮಾರು 10 ಎಕರೆ ಕಪ್ಪು ಮಣ್ಣಿನ ಹೊಲವಿದೆ ಎಂದುಕೊಳ್ಳಿ. ಕಾಗದಪತ್ರಗಳೆಲ್ಲ ಸರಿಯಾಗಿವೆ. ನೀವೇ ಉಳಬಹುದು, ಗುತ್ತಿಗೆಗೆ ಕೊಡಬಹುದು, ಮಕ್ಕಳಿಗೆ ಬಿಟ್ಟುಹೋಗಬಹುದು. ಆದರೆ ಮಾರುವಂತಿಲ್ಲ. ಮಾರಲಾಗದ್ದನ್ನು ಅಡವಿಟ್ಟುಕೊಳ್ಳಲು ಬ್ಯಾಂಕೂ ಒಪ್ಪುವುದಿಲ್ಲ. ಹಾಗಾದರೆ ಈ ಹೊಲ ನಿಜಕ್ಕೂ ನಿಮ್ಮದೇ? ಉಕ್ರೇನಿನ ಸುಮಾರು 70 ಲಕ್ಷ ಜನ 2001ರಿಂದ 2021ರವರೆಗೆ ಈ ಪ್ರಶ್ನೆಯನ್ನು ಹೊತ್ತುಕೊಂಡೇ ಬದುಕಿದರು.

ಆ ಮಣ್ಣಿಗೆ ದೊಡ್ಡ ಕಥೆಯಿದೆ. ಸ್ಟಾಲಿನ್ ಕಾಲದಲ್ಲಿ ರೈತರ ಹೊಲಗಳನ್ನು ಕಸಿದು ಕೊಲ್ಖೋಜ್ ಎಂಬ ಸಾಮೂಹಿಕ ಬೇಸಾಯಕ್ಕೆ ಸೇರಿಸಲಾಯಿತು. ಅದರ ಬೆನ್ನಿಗೇ ಬಂದ 1932-33ರ ಕ್ಷಾಮದಲ್ಲಿ ಲಕ್ಷಾಂತರ ಜನ ಸತ್ತರು. 1991ರಲ್ಲಿ ದೇಶ ಸ್ವತಂತ್ರವಾಯಿತು. 1999ರ ಡಿಸೆಂಬರಿನಲ್ಲಿ ಅಧ್ಯಕ್ಷ ಕುಚ್ಮಾ ಹೊರಡಿಸಿದ ಆದೇಶ ಉಳಿದಿದ್ದ ಸಾಮೂಹಿಕ ಬೇಸಾಯದ ವ್ಯವಸ್ಥೆಯನ್ನು ಮುರಿದು, ಅಲ್ಲಿ ದುಡಿದವರಿಗೆ ಅವರವರ ಪಾಲು ಸಿಗುವಂತೆ ಮಾಡಿತು. ತಾತನಿಂದ ಕಸಿದದ್ದು ಮೊಮ್ಮಗಳಿಗೆ ಮರಳಿತು. ಆದರೆ 2001ರಲ್ಲಿ ಸಂಸತ್ತು ಈ ಪಾಲುಗಳ ಮಾರಾಟವನ್ನು ತಾತ್ಕಾಲಿಕವಾಗಿ ನಿಷೇಧಿಸಿತು. ಆ 'ತಾತ್ಕಾಲಿಕ' ಮತ್ತೆ ಮತ್ತೆ ವಿಸ್ತರಣೆಗೊಂಡು 20 ವರ್ಷ ಬಾಳಿತು.

ನಿಷೇಧಿಸಿದವರನ್ನು ಮೂರ್ಖರೆನ್ನುವುದು ಸುಲಭ, ಆದರೆ ಸರಿಯಲ್ಲ. 1990ರ ದಶಕದಲ್ಲಿ ಸರ್ಕಾರಿ ಕಾರ್ಖಾನೆಗಳ ಪಾಲುಪತ್ರಗಳನ್ನೂ ಜನರಿಗೆ ಹಂಚಿದ್ದರು. ಸಂಬಳ ತಿಂಗಳುಗಟ್ಟಲೆ ಬಾರದ, ಹಣದುಬ್ಬರ ಉಳಿತಾಯವನ್ನೆಲ್ಲ ನುಂಗಿದ ಆ ದಿನಗಳಲ್ಲಿ ಅನೇಕರು ಅವನ್ನು ಪುಡಿಗಾಸಿಗೆ ಮಾರಿದರು. ಕಾರ್ಖಾನೆಗಳು ಕೆಲವೇ ಕೆಲವರ ಕೈಸೇರಿದವು. ಹೊಲಕ್ಕೂ ಅದೇ ಗತಿ ಬಂದರೆ? ಹಳ್ಳಿಯವರಲ್ಲೇ ಬಹಳ ಮಂದಿ ಮಾರಾಟಕ್ಕೆ ಅವಕಾಶ ಬೇಡ ಎನ್ನುತ್ತಿದ್ದರು. ಆ ಭಯ ಅನುಭವದಿಂದ ಹುಟ್ಟಿದ್ದು.

ಆದರೆ ನಿಷೇಧ ಕಾಪಾಡಿದ್ದು ಯಾರನ್ನು? ಪಾಲು ಪಡೆದವರಲ್ಲಿ ಬಹುಪಾಲು ವಯಸ್ಸಾದವರು, ಟ್ರ್ಯಾಕ್ಟರ್ ಇಲ್ಲದವರು. ಗುತ್ತಿಗೆಗೆ ಕೊಡುವುದೊಂದೇ ದಾರಿ. ಎಷ್ಟೋ ಹಳ್ಳಿಗಳಲ್ಲಿ ಗುತ್ತಿಗೆ ಹಿಡಿಯುವವನೂ ಒಬ್ಬನೇ. ಮಾರುವ ಹಕ್ಕಿಲ್ಲದವರೊಡನೆ ಚೌಕಾಸಿ ಯಾಕೆ ಮಾಡಬೇಕು? ಗೇಣಿ ಕಡಿಮೆಯಾಗಿತ್ತು, ಹಲವೆಡೆ ಅದು ಧಾನ್ಯ, ಸಕ್ಕರೆ, ಎಣ್ಣೆಯ ರೂಪದಲ್ಲಿ ಬರುತ್ತಿತ್ತು. ಈ ಅಗ್ಗದ ಗುತ್ತಿಗೆಯ ಮೇಲೆಯೇ ಲಕ್ಷಗಟ್ಟಲೆ ಹೆಕ್ಟೇರ್ ಉಳುವ ಕೃಷಿ ಕಂಪನಿಗಳು ಬೆಳೆದವು. ವಕೀಲರಿದ್ದವರು ಸಂದಿಗಳನ್ನೂ ಕಂಡುಕೊಂಡರು. ಕಾನೂನು ಅದಲುಬದಲಿಗೆ ಒಪ್ಪುತ್ತಿತ್ತು, ಹಾಗಾಗಿ ದೊಡ್ಡ ಹೊಲಕ್ಕೆ ಬದಲಾಗಿ ಒಂದು ಚೂರು ನೆಲ ಕೊಟ್ಟು, ಉಳಿದದ್ದನ್ನು ಹಣದಲ್ಲಿ ತೀರಿಸಿದರು. ಇಲ್ಲವೇ ದಶಕಗಟ್ಟಲೆ ಅವಧಿಯ ಬಳಕೆಯ ಹಕ್ಕನ್ನು ಬರೆಸಿಕೊಂಡರು. ಮಾರಾಟ ನಿಲ್ಲಲಿಲ್ಲ, ಕತ್ತಲಿಗೆ ಸರಿಯಿತು. ಅಲ್ಲಿ ನ್ಯಾಯವಾದ ಬೆಲೆ ಕೇಳುವುದು ಸಾಧ್ಯವೇ ಇರಲಿಲ್ಲ.

ಇಲ್ಲಿ ನೈತಿಕ ಪ್ರಶ್ನೆಯೊಂದಿದೆ. ಒಬ್ಬರ ಒಳಿತಿಗಾಗಿ ಅವರ ಕೈಯನ್ನು ಕಟ್ಟಬಹುದೇ? ಜಾನ್ ಸ್ಟುವರ್ಟ್ ಮಿಲ್ ಇಂಥ ಹಸ್ತಕ್ಷೇಪಕ್ಕೆ ಕಟ್ಟಾ ವಿರೋಧಿ. ಆದರೂ ಆತ ಒಂದು ವಿನಾಯಿತಿ ಇಡುತ್ತಾನೆ: ತನ್ನನ್ನೇ ಗುಲಾಮನಾಗಿ ಮಾರಿಕೊಳ್ಳುವ ಸ್ವಾತಂತ್ರ್ಯ ಯಾರಿಗೂ ಇಲ್ಲ, ಯಾಕೆಂದರೆ ಆ ಒಂದು ಆಯ್ಕೆ ಮುಂದಿನ ಎಲ್ಲ ಆಯ್ಕೆಗಳನ್ನೂ ಕೊಲ್ಲುತ್ತದೆ. ನಿಷೇಧದ ಪರವಾಗಿರುವವರು ಹೊಲವನ್ನೂ ಹೀಗೇ ನೋಡುತ್ತಾರೆ. ಮಾರಿದ ಮೇಲೆ ರೈತನಿಗೆ ಉಳಿಯುವುದೇನು? ವಾದದಲ್ಲಿ ಹುರುಳಿದೆ. ಆದರೆ 80 ವರ್ಷದ, ಮಕ್ಕಳು ಪಟ್ಟಣ ಸೇರಿದ ಅಜ್ಜಿಗೆ ಹೊಲ ಮುಂದಿನ ಆಯ್ಕೆಗಳ ಮೂಲವಲ್ಲ, ಕೊನೆಯ ಕೆಲವು ವರ್ಷಗಳ ಔಷಧಿ. ಆಕೆಯ ಕೈ ಕಟ್ಟಿದವರು ಬದಲಿಗೆ ಪಿಂಚಣಿ ಹೆಚ್ಚಿಸಿದರೇ, ಸಾಲ ಕೊಟ್ಟರೇ? ಕಾಪಾಡುತ್ತೇನೆ ಎನ್ನುವ ಸರ್ಕಾರ ತಾನೇನೂ ಖರ್ಚು ಮಾಡದೆ, ಕಾಪಾಡಿಸಿಕೊಳ್ಳುವವಳಿಂದಲೇ ಪೂರ್ತಿ ಬೆಲೆ ವಸೂಲು ಮಾಡುವುದಾದರೆ ಅದನ್ನು ರಕ್ಷಣೆ ಎನ್ನಲಾಗದು. 2018ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವೂ ಈ ನಿಷೇಧ ಆಸ್ತಿಯ ಹಕ್ಕಿನ ಉಲ್ಲಂಘನೆ ಎಂದು ತೀರ್ಪು ಕೊಟ್ಟಿತು.

ಇದೇ ಪ್ರಶ್ನೆ ಕರ್ನಾಟಕಕ್ಕೂ ಹೊಸದಲ್ಲ. ನಮ್ಮಲ್ಲಿ ಪಿಟಿಸಿಎಲ್ ಎಂದೇ ಕರೆಯುವ 1978ರ ಕಾಯ್ದೆ, ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಪೂರ್ವಾನುಮತಿಯಿಲ್ಲದೆ ಮಾರುವಂತಿಲ್ಲ ಎನ್ನುತ್ತದೆ. ಅದೂ ಮಾಲೀಕನ ಕೈ ಕಟ್ಟುವ ಕಾನೂನೇ. ಆದರೆ ಅದು ಕೊಂಡವನನ್ನೂ ಹಿಡಿಯುತ್ತದೆ. ಅಕ್ರಮವಾಗಿ ಕೈಬದಲಾದ ಜಮೀನನ್ನು ಮೂಲ ಮಂಜೂರುದಾರರಿಗೆ ಮರಳಿಸಲು ದಾರಿ ಇಟ್ಟಿದೆ. ಜಾರಿಯಲ್ಲಿ ಎಷ್ಟೇ ಕೊರತೆಗಳಿದ್ದರೂ ಇಲ್ಲಿ ಕಾನೂನಿನ ಭಾರ ಬಲಿಷ್ಠನ ಮೇಲೂ ಬೀಳುತ್ತದೆ. ಉಕ್ರೇನಿನ ನಿಷೇಧದ ಭಾರ ಬಿದ್ದದ್ದು ದುರ್ಬಲರ ಮೇಲೆ.

2020ರ ಮಾರ್ಚ್ ಕೊನೆಯಲ್ಲಿ, ಕೊರೊನಾ ಕಾಲದ ಒಂದು ತಡರಾತ್ರಿ, ಸಂಸತ್ತು ನಿಷೇಧ ತೆಗೆಯುವ ಕಾನೂನನ್ನು ಅಂಗೀಕರಿಸಿತು. ಅಂತರರಾಷ್ಟ್ರೀಯ ಹಣಕಾಸು ನಿಧಿ ಸಾಲಕ್ಕೆ ಇಟ್ಟಿದ್ದ ಷರತ್ತುಗಳಲ್ಲಿ ಅದೂ ಒಂದಾಗಿತ್ತು. 2021ರ ಜುಲೈ 1ರಿಂದ ಮೊದಲಿಗೆ ಒಬ್ಬ ವ್ಯಕ್ತಿ 100 ಹೆಕ್ಟೇರ್‌ವರೆಗೆ ಕೊಳ್ಳಬಹುದಿತ್ತು. 2024ರಿಂದ ದೇಶದ ಕಂಪನಿಗಳು 10,000 ಹೆಕ್ಟೇರ್‌ವರೆಗೆ ಕೊಳ್ಳಬಹುದು. ಮೊದಲು ಕೊಳ್ಳುವ ಹಕ್ಕು ಈಗಿನ ಗುತ್ತಿಗೆದಾರನಿಗೆ. ವಿದೇಶಿಯರಿಗೆ ಅವಕಾಶ ಕೊಡಬೇಕೇ ಎಂಬುದನ್ನು ಜನಮತಗಣನೆಗೆ ಬಿಟ್ಟಿದ್ದಾರೆ. ಈ ನಡುವೆ 2022ರಲ್ಲಿ ಪೂರ್ಣ ಪ್ರಮಾಣದ ಯುದ್ಧ ಬಂತು. ಎಷ್ಟೋ ಹೊಲಗಳಲ್ಲಿ ಈಗ ನೆಲಬಾಂಬುಗಳಿವೆ.

ಕಮ್ಯುನಿಸಂನಿಂದ ಹೊರಬಂದ ದೇಶದ ಬಾಕಿ ಸುಧಾರಣೆಗಳ ಪಟ್ಟಿಯಲ್ಲಿ 'ಭೂಮಾರುಕಟ್ಟೆ'ಯ ಎದುರಿಗೆ ಈಗ 'ಮುಗಿಯಿತು' ಎಂದು ಗುರುತು ಹಾಕಬಹುದು. ನನಗೆ ಹಾಗನ್ನಿಸುವುದಿಲ್ಲ. ಮಾರುವ ಹಕ್ಕಿಗೆ ಬೆಲೆ ಬರುವುದು ಮಾರುವುದಿಲ್ಲ ಎನ್ನುವ ಶಕ್ತಿ ಇದ್ದಾಗ. ಮಗ ಯುದ್ಧಕ್ಕೆ ಹೋಗಿರುವ, ಮನೆಯ ಸೂರು ಶೆಲ್ಲಿಗೆ ಹಾರಿಹೋಗಿರುವ ಹೆಂಗಸು ಇವತ್ತು ಹೊಲ ಮಾರಿದರೆ ಅದು ಕಾನೂನಿನ ಪ್ರಕಾರ ಸ್ವತಂತ್ರ ವ್ಯವಹಾರ. ಆದರೆ ಅವಳು ಬೇಡವೆನ್ನುವ ಸ್ಥಿತಿಯಲ್ಲಿದ್ದಳೇ? ನಿಷೇಧ ಆಕೆಯಿಂದ 'ಹೌದು' ಎನ್ನುವ ಅವಕಾಶವನ್ನು ಕಸಿದಿತ್ತು. ಬರಿಯ ಮಾರುಕಟ್ಟೆ 'ಇಲ್ಲ' ಎನ್ನುವುದನ್ನು ಕಸಿಯಬಲ್ಲದು. ಸಣ್ಣ ರೈತರಿಗೆ ಸಾಲ, ಬದುಕಲು ಸಾಕಾಗುವ ಪಿಂಚಣಿ, ಒಂದಕ್ಕಿಂತ ಹೆಚ್ಚು ಗುತ್ತಿಗೆದಾರರು, ಮೋಸವಾದರೆ ಕೇಳುವ ನ್ಯಾಯಾಲಯ: ಬಾಕಿ ಇರುವ ಸುಧಾರಣೆಗಳೆಂದರೆ ಇವು. ಒಂದು ರಾತ್ರಿಯ ಮತದಾನದಿಂದ ಇವು ಬರುವುದಿಲ್ಲ.