ಐದು ಸ್ಕ್ರೂ, ಒಂದು ಕ್ಯಾಸೆಟ್

ಬಿಇ ಓದುವಾಗ ರವೀಂದ್ರನಗರದ ಒಂದು ಮನೆಯ ಮಹಡಿ ರೂಮಿನಲ್ಲಿದ್ದೆ. ಓನರ್ ರಿಟೈರ್ಡ್ ಮೇಷ್ಟ್ರು. ಅವರ ಹತ್ರ ‘ನಿತ್ಯೋತ್ಸವ’ದ ಕ್ಯಾಸೆಟ್ ಇತ್ತು. 1978ರಲ್ಲಿ ಬಂದದ್ದು, ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ ಅಂತ ಹೆಸರಾದದ್ದು. ಪದ್ಯ ನಿಸಾರ್ ಅಹಮದರದು, ರಾಗ ಮೈಸೂರು ಅನಂತಸ್ವಾಮಿಯವರದು. ನಿಸಾರ್ ನಮ್ಮ ಸಹ್ಯಾದ್ರಿ ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಮಾಡಿದವರು, ಹಾಗಾಗಿ ಶಿವಮೊಗ್ಗದವರಿಗೆ ಅದು ಸ್ವಲ್ಪ ಮನೆಯದೇ.

‘ಎರಡು ದಿನ ಕೇಳಿ ಕೊಡ್ತೀನಿ ಸರ್’ ಅಂದೆ. ‘ಜೋಪಾನ ಮಾರಾಯ, ನನ್ನ ಮೊದಲ ಸಂಬಳದಲ್ಲಿ ತಗೊಂಡಿದ್ದು’ ಅಂದ್ರು.

ಮೊದಲ ರಾತ್ರಿಯೇ ನನ್ನ ಟೇಪ್‌ರೆಕಾರ್ಡರ್ ರೀಲನ್ನು ನುಂಗಿತು. ಎಳೆದು ತೆಗೆಯುವಷ್ಟರಲ್ಲಿ ಅದು ಸೇವಿಗೆಯಾಗಿತ್ತು. ಗೆಳೆಯನ ಮನೆಯಲ್ಲೂ ಅದೇ ಕ್ಯಾಸೆಟ್ ಇತ್ತು. ಅದರಿಂದ ಖಾಲಿ ಕ್ಯಾಸೆಟ್ಟಿಗೆ ಕಾಪಿ ಮಾಡಿ, ಮೇಷ್ಟ್ರ ಕ್ಯಾಸೆಟ್ಟಿನ ಐದು ಸ್ಕ್ರೂ ಬಿಚ್ಚಿ, ಹೊಸ ರೀಲು ಕೂರಿಸಿದೆ. ಎಂಜಿನಿಯರಿಂಗ್ ಓದಿದ್ದಕ್ಕೆ ಅವತ್ತು ಆದಷ್ಟು ಉಪಯೋಗ ಆಮೇಲೆ ಕಮ್ಮಿಯೇ. ಅದೇ ಡಬ್ಬಿ, ಅದೇ ಲೇಬಲ್, ಅದೇ ಹಾಡು.

ವಾಪಸ್ ಕೊಟ್ಟ ಒಂದು ವಾರಕ್ಕೆ ಮೇಷ್ಟ್ರು, ‘ಯಾಕೋ ಸುಯ್ ಅಂತ ಜಾಸ್ತಿ ಕೇಳುತ್ತೆ. ನನ್ನ ಕಿವಿನೋ ಏನೋ’ ಅಂದ್ರು. ನಾನು, ‘ಹಳೇದಲ್ವಾ ಸರ್’ ಅಂದೆ.

ಕೆಟ್ಟದ್ದು ರೀಲು ಹಾಳಾದದ್ದಲ್ಲ, ಈ ಮಾತು. ಅವರು ತಮ್ಮ ಕಿವಿಯನ್ನೇ ಅನುಮಾನಿಸುವಾಗ ನಾನು ಸುಮ್ಮನೆ ಇರಲೂ ಇಲ್ಲ, ಆ ಅನುಮಾನಕ್ಕೆ ಇನ್ನೊಂದು ತುತ್ತು ಹಾಕಿದೆ.

ಆಮೇಲೆ ನನಗೆ ನಾನೇ ವಕೀಲನಾದೆ. ಥೀಸಿಯಸ್‌ನ ಹಡಗಿನ ಹಲಗೆಗಳನ್ನು ಒಂದೊಂದಾಗಿ ಬದಲಾಯಿಸಿದ ಮೇಲೂ ಅದು ಅದೇ ಹಡಗಾ ಅಂತ ಗ್ರೀಕರು ಜಗಳ ಆಡಿದ್ದನ್ನು ಪ್ಲುಟಾರ್ಕ್ ಬರೆದಿದ್ದಾನೆ. ಆಫೀಸಿನಲ್ಲಿ ಒಬ್ಬ ಗೆಳೆಯ ಲಿನರ್ಡ್ ಸ್ಕಿನರ್ಡ್ ಅನ್ನೋ ಅಮೆರಿಕದ ದಕ್ಷಿಣದ ರಾಕ್ ಬ್ಯಾಂಡಿನ ಭಕ್ತ. 1977ರ ಅಕ್ಟೋಬರಿನಲ್ಲಿ, ಆಲ್ಬಂ ಬಂದ ಮೂರೇ ದಿನಕ್ಕೆ, ಅವರ ವಿಮಾನ ಬಿದ್ದು ಗಾಯಕ ರಾನಿ ವ್ಯಾನ್ ಝಾಂಟ್ ತೀರಿಕೊಂಡ. ಹತ್ತು ವರ್ಷದ ಮೇಲೆ ಅವನ ತಮ್ಮ ಜಾನಿ ಮೈಕ್ ಹಿಡಿದ. 2012ರ ಆಲ್ಬಂ ಹೊತ್ತಿಗೆ ಸ್ಥಾಪಕರಲ್ಲಿ ತಂಡದಲ್ಲಿ ಉಳಿದವನು ಗ್ಯಾರಿ ರೊಸಿಂಗ್‌ಟನ್ ಒಬ್ಬನೇ. 2023ರಲ್ಲಿ ಅವನೂ ಹೋದ. ಬ್ಯಾಂಡ್ ಮಾತ್ರ ಅದೇ ಹೆಸರಲ್ಲಿ ಹಾಡ್ತಾ ಇದೆ.

‘ನೋಡಿ, ಒಳಗಿರೋದೆಲ್ಲ ಬದಲಾದ್ರೂ ನಡೆಯುತ್ತೆ’ ಅಂತ ಕೆಲ ಕಾಲ ಸಮಾಧಾನ ಪಟ್ಟುಕೊಂಡೆ. ಆದರೆ ಅಲ್ಲಿ ಟಿಕೆಟ್ ತಗೊಳ್ಳೋನಿಗೆ ಯಾರು ಇದ್ದಾರೆ, ಯಾರು ಇಲ್ಲ ಅಂತ ಗೊತ್ತು. ಗೊತ್ತಿದ್ದೇ ಹೋಗ್ತಾನೆ, ಬೇಡ ಅನ್ನಿಸಿದ್ರೆ ಮನೇಲಿರ್ತಾನೆ. ಮೇಷ್ಟ್ರಿಗೆ ನಾನು ಆ ಆಯ್ಕೆ ಕೊಡಲಿಲ್ಲ. ಬಹುಶಃ ‘ಹೋಗ್ಲಿ ಬಿಡೋ’ ಅಂತಿದ್ರು. ಕ್ಷಮಿಸುವ ಅವಕಾಶವೂ ಅವರದ್ದೇ ಆಸ್ತಿ, ಅದನ್ನೂ ರೀಲಿನ ಜೊತೆಗೇ ತೆಗೆದುಬಿಟ್ಟಿದ್ದೆ.

ಈಗ ನಾನು ಬರೆಯೋ ಸಾಫ್ಟ್‌ವೇರಿನಲ್ಲಿ ಕಾಪಿಗೂ ಮೂಲಕ್ಕೂ ಒಂದು ಬಿಟ್ ವ್ಯತ್ಯಾಸ ಇರಲ್ಲ. ಸುಯ್ ಅನ್ನೋ ಸದ್ದೂ ಬರಲ್ಲ. ಇಂಥ ಕಳ್ಳತನ ಹಿಡಿಯೋದು ಇನ್ನೂ ಕಷ್ಟ.

ಮೇಷ್ಟ್ರು ತೀರಿಕೊಂಡ ಮೇಲೆ ಕಳೆದ ವರ್ಷ ಅವರ ಮನೆಗೆ ಹೋಗಿದ್ದೆ. ಮಗಳು ಶೋಕೇಸಿನಿಂದ ಕ್ಯಾಸೆಟ್ ತೆಗೆದು, ‘ಅಪ್ಪ ಇದನ್ನ ಯಾರಿಗೂ ಕೊಡ್ತಿರಲಿಲ್ಲ, ನಿಮಗೊಬ್ರಿಗೇ ಕೊಟ್ಟಿದ್ದು. ನೀವೇ ಇಟ್ಕೊಳ್ಳಿ’ ಅಂದ್ರು. ಹೇಳೋಣ ಅಂತ ಬಾಯಿ ತೆರೆದೆ. ಅವರು ಕಾಫಿ ತರಲು ಒಳಗೆ ಹೋದರು.

ಕ್ಯಾಸೆಟ್ ನನ್ನ ಬ್ಯಾಗಿನಲ್ಲೇ ಇದೆ. ಅವರ ನಂಬರೂ ಇದೆ. ಇದನ್ನು ಇವತ್ತು ಅವರಿಗೆ ಕಳಿಸ್ತೀನಿ.