ಹಿಟ್ಟಿನ ಕೋಳಿ, ಚಿನ್ನದ ಹಂದಿ

ಹಿಂಸೆಯ ಪಾಪ ಕೊಲ್ಲುವ ಕೈಗೆ ಅಂಟುತ್ತದೆಯೋ, ಕೊಲ್ಲಬೇಕೆಂದು ಬಗೆದ ಮನಸ್ಸಿಗೆ ಅಂಟುತ್ತದೆಯೋ ಎಂಬ ಪ್ರಶ್ನೆಯನ್ನು ಕನ್ನಡದಲ್ಲಿ ಜೈನ ಕವಿ ಜನ್ನನಷ್ಟು ನಿಷ್ಠುರವಾಗಿ ಎತ್ತಿದವರು ವಿರಳ. 1209ರ ಅವನ ‘ಯಶೋಧರ ಚರಿತೆ’ಯಲ್ಲಿ ಅರಸ ಯಶೋಧರನು ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು, ಜೀವಂತ ಕೋಳಿಯ ಬದಲು ಹಿಟ್ಟಿನ ಕೋಳಿಯನ್ನು ಬಲಿಕೊಡುತ್ತಾನೆ, ಕತ್ತಿ ತಾಗಿದಾಗ ಹಿಟ್ಟು ಕೂಗುತ್ತದೆ, ತಾಯಿ ಮಗ ಇಬ್ಬರೂ ನಾಯಿ, ನವಿಲು ಮೊದಲಾದ ಜನ್ಮಗಳಲ್ಲಿ ತೊಳಲುತ್ತಾರೆ. ಯಾವ ಪ್ರಾಣಿಯೂ ಸಾಯದಿದ್ದರೂ ಮನಸ್ಸಿನಲ್ಲೇ ನಡೆದುಹೋಗುವ ಇಂಥ ಕೊಲೆಗೆ ಸಂಕಲ್ಪಹಿಂಸೆ ಎಂದು ಹೆಸರು. ಆಯುಧಪೂಜೆಯಂದು ಮಲ್ಲೇಶ್ವರದ ಸಂಪಿಗೆ ರಸ್ತೆಯ ಅಂಗಡಿಗಳ ಮುಂದೆ ತೂತು ಕೊರೆದು, ಕುಂಕುಮ, ಚಿಲ್ಲರೆ ಕಾಸು ತುಂಬಿ, ಕರ್ಪೂರ ಹಚ್ಚಿ, ನಿವಾಳಿಸಿ ಒಡೆಯುವ ಬೂದುಗುಂಬಳವೂ ಬಲಿಯ ಬದಲಿಗೆ ಬಂದದ್ದೇ, ಕುಂಕುಮದಿಂದ ಕೆಂಪಾದ ಅದರ ತಿರುಳು ಯಾವುದನ್ನು ನೆನಪಿಸುತ್ತದೆಂದು ಹೇಳಬೇಕಿಲ್ಲ (ಅದರ ಮೇಲೆ ಸ್ಕೂಟರ್ ಜಾರುವುದು ಬೇರೆಯದೇ ಹಿಂಸೆ).

ಕೊರಿಯಾದ ಬೋಂಗ್ ಜೂನ್-ಹೋ ಅವರ ವಿಡಂಬನ ಚಿತ್ರ ‘ಓಕ್ಜಾ’ (2017) ಈ ಸಮಸ್ಯೆಯನ್ನು ತಲೆಕೆಳಗು ಮಾಡುತ್ತದೆ. ಮಿರಾಂಡೋ ಎಂಬ ಕಂಪನಿ ತಾನು ಸೃಷ್ಟಿಸಿದ 26 ದೈತ್ಯ ಹಂದಿಮರಿಗಳನ್ನು ಬೇರೆ ಬೇರೆ ದೇಶಗಳ ರೈತರಿಗೆ ಹಂಚಿ, 10 ವರ್ಷ ಸಾಕಿಸಿ, ಪರಿಸರದ ಹೆಸರು ಹೇಳುತ್ತಲೇ ಮಾಂಸದ ಮಾರುಕಟ್ಟೆ ಕಟ್ಟುತ್ತದೆ. ಯಶೋಧರನಲ್ಲಿ ಸಂಕಲ್ಪವಿತ್ತು, ಪ್ರಾಣಿಯಿರಲಿಲ್ಲ. ಇಲ್ಲಿ ಪ್ರಾಣಿಗಳು ಸಾಲುಗಟ್ಟಿ ನಿಂತಿವೆ, ಸಂಕಲ್ಪ ಯಾರದೆಂದು ಕೇಳಿದರೆ ಒಬ್ಬರು ಇನ್ನೊಬ್ಬರತ್ತ ಕೈ ತೋರಿಸುತ್ತಾರೆ. ಕಸುಬಿನಲ್ಲಿ ತಪ್ಪಿಸಲಾಗದೆ ಘಟಿಸುವ ಉದ್ಯೋಗಿ ಹಿಂಸೆಗೆ ಜೈನ ಗೃಹಸ್ಥಧರ್ಮವು ಒಂದಿಷ್ಟು ರಿಯಾಯಿತಿ ಕೊಡುವುದು ನಿಜವಾದರೂ, ಹತ್ತು ವರ್ಷ ಮುಂಚಿತವಾಗಿ ಯೋಜಿಸಿದ್ದನ್ನು ಆ ಪಟ್ಟಿಗೆ ಸೇರಿಸಲು ಬಾರದು.

ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಲೆಕ್ಕ ಇಲ್ಲಿ ಹೆಚ್ಚು ಉಪಯುಕ್ತ. ಸಂರಂಭ, ಸಮಾರಂಭ, ಆರಂಭ, ಅಂದರೆ ಬಗೆಯುವುದು, ಸಜ್ಜಾಗುವುದು, ಎಸಗುವುದು ಎಂಬ ಮೂರನ್ನು ಮನ-ಮಾತು-ಮೈಗಳಿಂದಲೂ, ತಾನೇ ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಒಪ್ಪುವುದು ಎಂಬ ಮೂರರಿಂದಲೂ, ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು ಕಷಾಯಗಳಿಂದಲೂ ಗುಣಿಸಿದರೆ 108 ಬಗೆಗಳಾಗುತ್ತವೆ. ಈ ಜಾಲದಿಂದ ಆಡಳಿತ ಮಂಡಳಿಯಾಗಲಿ ಅಗ್ಗದ ಮಾಂಸಕ್ಕೆ ಸಾಲು ನಿಲ್ಲುವ ಗಿರಾಕಿಯಾಗಲಿ ಜಾರಿಕೊಳ್ಳುವಂತಿಲ್ಲ.

ಆದರೆ ಕಂಪನಿಗೆ ಮಾತ್ರ ಈ ತತ್ತ್ವ ತಾಗುವುದು ಕಷ್ಟ. ಕಾನೂನು ಅದನ್ನು ಸದಸ್ಯರು ಸತ್ತರೂ ಸಾಯದ ವ್ಯಕ್ತಿಯೆಂದು ಕರೆಯುತ್ತದೆ. ಸಾಯದವನಿಗೆ ನವಿಲಾಗಿ ಹುಟ್ಟುವ ಭಯವೆಲ್ಲಿಂದ ಬರಬೇಕು? ಚಿತ್ರದಲ್ಲಿ ಕಂಪನಿಯ ಮುಖ್ಯಸ್ಥೆ ಲೂಸಿ ಕೆಳಗಿಳಿದಾಗ ಅವಳ ಅವಳಿ ಸೋದರಿ ನ್ಯಾನ್ಸಿ ಅದೇ ಪಟ್ಟಕ್ಕೆ ಬರುತ್ತಾಳೆ, ಎರಡೂ ಪಾತ್ರಗಳಲ್ಲಿ ಟಿಲ್ಡಾ ಸ್ವಿಂಟನ್ ಒಬ್ಬರೇ. ಪುನರ್ಜನ್ಮದ ಇಷ್ಟು ಕುಟುಕುವ ಅಣಕ ಬೇರೆ ಸಿಗಲಾರದು. ಆ ದೈತ್ಯ ಹಂದಿಗಳಲ್ಲೊಂದಾದ ಓಕ್ಜಾಳನ್ನು ಸಾಕಿದ ಹುಡುಗಿ ಮಿಜಾ, ಅವಳನ್ನು ಬಿಡಿಸಿಕೊಳ್ಳಲು ಚಿನ್ನದ ಹಂದಿಯೊಂದನ್ನು ಮುಂದೆ ಚಾಚಿದಾಗ ನ್ಯಾನ್ಸಿ ಅದನ್ನು ಕಚ್ಚಿ ಪರೀಕ್ಷಿಸಿ ವ್ಯಾಪಾರ ಮುಗಿಸುತ್ತಾಳೆ. ಹೊರಗೆ ಬೇಲಿಯೊಳಗಿನ ಒಂದು ಹಂದಿಜೋಡಿ ತನ್ನ ಮರಿಯನ್ನು ಇತ್ತ ದೂಡುತ್ತದೆ, ಓಕ್ಜಾ ಅದನ್ನು ಬಾಯಲ್ಲಿ ಅಡಗಿಸಿಕೊಂಡು ನಡೆಯುತ್ತಾಳೆ. ಕಂಪನಿಯ ಲೆಕ್ಕದಲ್ಲಿ ಅಂದು ಹೊರಗೆ ಹೋದದ್ದು ಒಂದೇ ಹಂದಿ.